ಮೂವತ್ತಮೂರು ಲೀಟರ್ ಮುದ್ದೆಮಾಲು

ಹುಣಸೆಕಟ್ಟೆ ಪೊಲೀಸ್ ಠಾಣೆಯ ಸರಹದ್ದಿನಲ್ಲಿ ಒಮ್ಮೆ ಜಪ್ತಿ ಮಾಡಿ ತೂಗಿ ಬರೆದ ಮುದ್ದೆಮಾಲಿನ ತೂಕ ಯಾವ ಕಾಲಕ್ಕೂ ಬದಲಾಗತಕ್ಕದ್ದಲ್ಲ. ಈ ನಿಯಮ ಠಾಣೆಯ ಸಿಬ್ಬಂದಿಗೆ, ಜಪ್ತಿಗೆ ಸಾಕ್ಷಿ ಹಾಕುವ ಕಾಯಂ ಪಂಚರಿಗೆ, ಎದುರಿನ ಟೀ ಅಂಗಡಿಯವನಿಗೆ ಕೂಡ ಗೊತ್ತಿತ್ತು. ಬಿಸಿಲಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ.

ತಾವರೆಕೆರೆ ಕಡೆಯ ಚೌಡಯ್ಯ ಎಂಬ ರೈತ ತನ್ನ ತೊಗರಿ ಸಾಲುಗಳ ನಡುವೆ ಹನ್ನೊಂದು ಗಾಂಜಾ ಗಿಡ ಬೆಳೆಸಿದ್ದ. ಮೊಣಕಾಲಿಗೆ ಹಚ್ಚುವ ಎಣ್ಣೆ ಕಾಯಿಸಲು ಎಂದು ಅವನ ಹೇಳಿಕೆ. ಮೊಣಕಾಲು ಎರಡೇ ಇರುವಾಗ ಗಿಡ ಹನ್ನೊಂದೇಕೆ ಎಂದು ಸಬ್ ಇನ್ಸ್‌ಪೆಕ್ಟರ್ ಚಂದ್ರಶೇಖರ್ ಸಾಹೇಬರು ಕೇಳಿದರು. ಗಿಡಗಳನ್ನು ಬೇರು ಸಮೇತ ಕೀಳಲಾಯಿತು. ಬೇರಿನ ಕೆಸರು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅವನದೇ ಕೊಳವೆಬಾವಿಯ ಪೈಪು ಹಿಡಿದು ತೊಳೆದು, ನೀರು ಸೋರುವ ಮೊದಲೇ ತೂಗಲಾಯಿತು. ಪಕ್ಕದ ಠಾಣೆಯವರು ಹಿಂದಿನ ವಾರ ಮೂವತ್ತೆಂಟು ಕಿಲೋ ಹಿಡಿದಿದ್ದರು. ಇಲ್ಲಿ ನಲವತ್ತೆರಡು ಬಂತು. ಸಾಹೇಬರು ಮೀಸೆ ತೀಡಿಕೊಂಡು ಫೋಟೋಗೆ ನಿಂತರು. ಇಪ್ಪತ್ತು ಕಿಲೋ ದಾಟಿದರೆ ಸುಲಭಕ್ಕೆ ಜಾಮೀನಿಲ್ಲವಾದ್ದರಿಂದ ಚೌಡಯ್ಯ ಜೈಲಿಗೆ ಹೋದ.

ಮಾಲು ಹೆಡ್ ಕಾನ್‌ಸ್ಟೆಬಲ್ ಕದಿರಯ್ಯನ ಸುಪರ್ದಿಗೆ ಬಂತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಂದೂ ಮೆಮೋ ಪಡೆಯದ ಮನುಷ್ಯ, ನಿವೃತ್ತಿಗೆ ಆರು ತಿಂಗಳಿತ್ತು. ಮುದ್ದೆಮಾಲಿಗೆ ಬೂಷ್ಟು ಬಂದರೆ ಅದನ್ನು ಸಾಕ್ಷ್ಯನಾಶವೆಂದು ಪರಿಗಣಿಸಲಾಗುವುದು ಎಂಬ ಸುತ್ತೋಲೆ ಗೋಡೆಯ ಮೇಲಿತ್ತು. ಕದಿರಯ್ಯ ಮಧುಗಿರಿ ಕಡೆಯ ಕಡ್ಲೆಕಾಯಿ ಬೆಳೆಯುವ ಮನೆಯವನು. ಕಿತ್ತ ಬೆಳೆಯನ್ನು ಒಣಗಿಸದೆ ಬಿಡುವುದು ಅವನ ರಕ್ತದಲ್ಲೇ ಇರಲಿಲ್ಲ. ಠಾಣೆಯ ತಾರಸಿಯ ಮೇಲೆ ಗೋಣಿತಾಟು ಹಾಸಿ ಗಿಡ ಹರಡಿದ. ದಿನಕ್ಕೆರಡು ಸಲ ಮಗುಚಿದ, ಸಂಜೆ ಇಬ್ಬನಿ ತಾಗದಂತೆ ಟಾರ್ಪಾಲು ಹೊದಿಸಿದ, ಕಡ್ಡಿ ಮುರಿದರೆ ಲಟಕ್ಕೆನ್ನುವವರೆಗೆ ಬಿಡಲಿಲ್ಲ. ಅಂಥ ಹದದಲ್ಲಿ ಒಣಗಿದ ಮುದ್ದೆಮಾಲು ಜಿಲ್ಲೆಯಲ್ಲೇ ಇರಲಿಲ್ಲ. ಅವನಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು, ತಕ್ಕಡಿಗೆ ಹಾಕುವವರೆಗೆ.

ಒಂಬತ್ತು ಕಿಲೋ.

"ಏನ್ರೀ ಕದಿರಯ್ಯ, ಮೂವತ್ತಮೂರು ಕಿಲೋ ಎಲ್ರೀ?" ಸಾಹೇಬರು ಕೇಳಿದರು.

"ಒಣಗೋಯ್ತು ಸಾರ್."

"ಒಣಗಿ ಎಲ್ಲಿಗೆ ಹೋಯ್ತು?"

"ಮ್ಯಾಲಕ್ಕೆ ಸಾರ್."

"ಯಾರ ಅಪ್ಪಣೆ ತಗೊಂಡು?"

ಸಂಜೆಯೊಳಗೆ ಕದಿರಯ್ಯನ ಜೀವನದ ಮೊದಲ ಮೆಮೋ ಕೈಗೆ ಬಂತು. ಸದರಿ ತೇವಾಂಶವನ್ನು ಯಾರ ವಶಕ್ಕೆ ನೀಡಲಾಯಿತು, ಪಡೆದವರ ಸಹಿ ಇದೆಯೇ, ಇಲ್ಲವಾದಲ್ಲಿ ತಮ್ಮ ಮೇಲೆ ಗಾಂಜಾ ಕಳವಿನ ಮೊಕದ್ದಮೆ ಏಕೆ ಹೂಡಬಾರದು, ಮೂರು ದಿನದೊಳಗೆ ಸಮಜಾಯಿಷಿ ನೀಡುವುದು. ಬಿಟ್ಟಿ ಟೀ ಕೂಡ ಕುಡಿಯದವನಿಗೆ ಈ ವಯಸ್ಸಿನಲ್ಲಿ ಗಾಂಜಾ ಕಳ್ಳನೆಂಬ ಹೆಸರು.

ಮರುದಿನ ಚೌಡಯ್ಯನ ಹೆಂಡತಿ ದಾಸಮ್ಮ ಠಾಣೆಗೆ ಬಂದಳು. ಒಂಬತ್ತು ಕಿಲೋ ಎಂಬ ಸುದ್ದಿ ಟೀ ಅಂಗಡಿಯಲ್ಲೇ ಅವಳ ಕಿವಿಗೆ ಬಿದ್ದಿತ್ತು.

"ನಮ್ ಹುಣಸೇಹಣ್ಣೂ ಒಣಗುದ್ರೆ ಕಮ್ಮಿ ಬತ್ತದೆ ಕಣ್ ಸ್ವಾಮಿ. ಮಂಡೀಲಿ ತೇವ ಅಂತ ತೂಕ ಹಿಡ್ಕಂಡೇ ದುಡ್ ಕೊಡ್ತಾರೆ. ಒಂಬತ್ತು ಅಂತ ಬರ್ದ್‌ಬುಡಿ, ನನ್ ಗಂಡ ಜಾಮೀನ್ ಮ್ಯಾಲೆ ಮನೆಗ್ ಬತ್ತಾನೆ."

ಅವಳು ಹೇಳಿದ್ದು ಸರಿಯೆಂದು ಕದಿರಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ಎಂದು ಬರೆದರೆ ಚೌಡಯ್ಯ ಹೊರಗೆ ಬರುತ್ತಾನೆ, ತಾನು ಒಳಗೆ ಹೋಗುತ್ತೇನೆ ಎಂಬುದೂ ಗೊತ್ತಿತ್ತು.

"ಅದು ಹುಣಸೇಹಣ್ಣು ಕಣಮ್ಮ," ಎಂದ ನೆಲ ನೋಡುತ್ತಾ. "ಇದು ಸರ್ಕಾರದ್ದು."

ದಾರಿ ತೋರಿಸಿದವನು ಠಾಣೆಯ ಕಡತ ಬರೆಯುವ ರೈಟರ್ ರುದ್ರಮುನಿ. ಅವನು ಕನ್ನಡಕ ಒರೆಸಿಕೊಂಡು ಎರಡು ಪುಟದ ಪಂಚನಾಮೆ ಬರೆದ. "ಸದರಿ ಮುದ್ದೆಮಾಲಿನಲ್ಲಿದ್ದ ಮೂವತ್ತಮೂರು ಕಿಲೋ ನೀರು ಬಿಸಿಲಿನ ಕುಮ್ಮಕ್ಕಿನಿಂದ ತಾರಸಿಯ ಮೇಲಿಂದ ಪರಾರಿಯಾಗಿದ್ದು, ಖಚಿತ ಮಾಹಿತಿಯ ಮೇರೆಗೆ ಶೋಧ ನಡೆಸಲಾಗಿ, ಅದು ಆರೋಪಿಯ ಕೊಳವೆಬಾವಿಯಲ್ಲಿ ಅಡಗಿರುವುದನ್ನು ಪತ್ತೆಹಚ್ಚಿ ಪಂಚರ ಸಮಕ್ಷಮ ವಶಕ್ಕೆ ಪಡೆಯಲಾಯಿತು."

"ಅದೇ ನೀರು ಅಂತ ಏನ್ ಗ್ಯಾರಂಟಿ?" ಎಂದು ಸಾಹೇಬರು ಕೇಳಿದ್ದು ನ್ಯಾಯವಾಗಿಯೇ ಇತ್ತು.

"ಗುರುತು ಹಿಡಿಸೋಣ ಸಾರ್," ಎಂದ ರುದ್ರಮುನಿ.

ಮೇಜಿನ ಮೇಲೆ ಐದು ಲೋಟ ನೀರಿಡಲಾಯಿತು. ಕಾಯಂ ಪಂಚ ಪ್ರತಿ ಲೋಟವನ್ನೂ ಎವೆಯಿಕ್ಕದೆ ನೋಡಿ, ನಾಲ್ಕನೆಯದರ ಮೇಲೆ ಬೆರಳಿಟ್ಟು, ದಾಳಿಯ ದಿನ ಗಿಡದಿಂದ ತನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕಿದ್ದು ಇದೇ ನೀರೆಂದು ಹೇಳಿಕೆ ಕೊಟ್ಟ. ಮಾದರಿಯನ್ನು ಪ್ರಯೋಗಾಲಯಕ್ಕೂ ಕಳಿಸಲಾಯಿತು. ನೀರಿನಲ್ಲಿ ಗಾಂಜಾ ಅಂಶವಿಲ್ಲ, ಫ್ಲೋರೈಡ್ ಮಿತಿಮೀರಿದೆ ಎಂದು ವರದಿ ಬಂತು. ಫ್ಲೋರೈಡ್ ಇರುವುದರಿಂದ ಅದು ಇದೇ ಸೀಮೆಯ ನೀರೆಂಬುದು ನಿರ್ವಿವಾದವಾಗಿ ಸಾಬೀತಾಯಿತು.

ಕ್ಯಾನುಗಳಿಗೆ ಟೆಂಡರ್ ಆಗಬೇಕಿದ್ದ ಕಾರಣ ಮೂವತ್ತಮೂರು ಲೀಟರನ್ನು ಎರಡು ಮಣ್ಣಿನ ಮಡಕೆಗಳಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅರಗಿನ ಮುದ್ರೆ ಒತ್ತಲಾಯಿತು. ಗಾಂಜಾ ಒಂಬತ್ತು, ನೀರು ಮೂವತ್ತಮೂರು, ಒಟ್ಟು ನಲವತ್ತೆರಡು. ಚೌಡಯ್ಯನ ಜಾಮೀನು ಅರ್ಜಿ ವಜಾ ಆಯಿತು. ಕದಿರಯ್ಯನ ಮೆಮೋ ವಾಪಸಾಯಿತು, ಮುದ್ದೆಮಾಲನ್ನು ಒಣ ಹಾಗೂ ಹಸಿ ಎರಡೂ ಸ್ಥಿತಿಯಲ್ಲಿ ಸಂರಕ್ಷಿಸಿದ್ದಕ್ಕಾಗಿ ಪ್ರಶಂಸಾಪತ್ರವೂ ಬಂತು. ಅವನು ಅದನ್ನು ಮನೆಗೆ ಒಯ್ದು ಬೀರುವಿನಲ್ಲಿ, ಬಟ್ಟೆಗಳ ಅಡಿಯಲ್ಲಿಟ್ಟ.

ತಿಂಗಳು ತುಂಬುವಷ್ಟರಲ್ಲಿ ಮಡಕೆಗಳು ಬೆವೆತು ಎರಡು ಲೀಟರ್ ಕಮ್ಮಿಯಾಯಿತು. ಈ ಸಲ ಯಾರೂ ಗಾಬರಿಯಾಗಲಿಲ್ಲ, ಆದೇಶ ಸಿದ್ಧವಿತ್ತು: ಕೊರತೆಯನ್ನು ಅದೇ ಮೂಲದಿಂದ, ಆರೋಪಿಯ ಕುಟುಂಬದವರೇ, ಪ್ರತಿ ತಿಂಗಳ ಮೊದಲ ಸೋಮವಾರ ಭರ್ತಿ ಮಾಡತಕ್ಕದ್ದು. ದಾಸಮ್ಮ ಕೊಡದಲ್ಲಿ ನೀರು ಹೊತ್ತು ಬಸ್ಸಿನಲ್ಲಿ ಬರತೊಡಗಿದಳು. ಕದಿರಯ್ಯ ಅಳೆದು ಸುರಿದು ಮುದ್ರೆ ಒತ್ತುತ್ತಿದ್ದ, ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಅವಳ ಗಂಡನನ್ನು ಒಳಗಿಡುವ ತೂಕವನ್ನು ಅವಳೇ ತಂದು ತುಂಬಿಸುತ್ತಿದ್ದಾಳೆಂದು ಹೇಳುವ ಧೈರ್ಯ ಕದಿರಯ್ಯನಿಗೆ ಒಂದು ಸೋಮವಾರವೂ ಬರಲಿಲ್ಲ.

ಅವನು ನಿವೃತ್ತನಾಗುವ ಏಪ್ರಿಲ್‌ನಲ್ಲಿ ದಾಸಮ್ಮ ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈ ತಿಂಗ್ಳು ಬಿಸ್ಲು ಜೋರು ಕಣಪ್ಪ. ಕಮ್ಮಿ ಬಿದ್ರೆ ನಿಮ್ಗೆ ತೊಂದ್ರೆ ಆಯ್ತದೆ ಅಂತ ಒಂದ್ ಲೀಟ್ರು ಜಾಸ್ತೀನೇ ತಂದೀನಿ."

ಮಡಕೆ ತುಂಬಿ ಒಂದು ಲೀಟರ್ ಉಳಿಯಿತು.

"ಅದನ್ನ ಕುಡಿಯಮ್ಮ," ಎಂದ ಕದಿರಯ್ಯ.

"ಕುಡುದ್ರೆ ಕೇಸ್ ಆಗಾಕಿಲ್ವಾ?"

ಕದಿರಯ್ಯ ರುದ್ರಮುನಿಯತ್ತ ನೋಡಿದ. ರುದ್ರಮುನಿ ಕಡತ ತಿರುವಿ, ತೂಕಕ್ಕೆ ಸೇರದ ನೀರನ್ನು ಕುಡಿಯಲು ಅಡ್ಡಿಯಿಲ್ಲ ಎಂದ. ದಾಸಮ್ಮ ಕುಡಿದು, ಹೆಬ್ಬೆಟ್ಟು ಒತ್ತಿ, ಮುಂದಿನ ತಿಂಗಳ ತಾರೀಖು ಕೇಳಿಕೊಂಡು ಬಸ್ಸಿಗೆ ಹೋದಳು.

ಅಂದೇ ಕದಿರಯ್ಯ ಹೊಸಬನಿಗೆ ಚಾರ್ಜು ಒಪ್ಪಿಸಿದ. ಪಟ್ಟಿಯಲ್ಲಿ ಮೂರು ಬಾಬತ್ತು ಬರೆದಿತ್ತು: ಗಾಂಜಾ, ಒಣ, ಒಂಬತ್ತು ಕಿಲೋ. ನೀರು, ಮೂವತ್ತಮೂರು ಲೀಟರ್. ದಾಸಮ್ಮ, ಒಬ್ಬಳು. ಹೊಸಬ ಮೊದಲೆರಡನ್ನು ತೂಗಿ ನೋಡಿದ, ಮೂರನೆಯದು ಎಲ್ಲಿ ಎಂದು ಕೇಳಿದ. ಮುಂದಿನ ತಿಂಗಳ ಮೊದಲ ಸೋಮವಾರ ಬರುತ್ತದೆ ಎಂದಾಗ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದ.