ಒಂದು ಲಕ್ಷದ ಮೂರು ಮೂಟೆ

ಬಹಳ ಹಿಂದೆ, ಅಂದರೆ ಸಮಿತಿಗಳು ವರದಿ ಕೊಡುತ್ತಿದ್ದಷ್ಟು ಹಿಂದೆ, ಸಮಪಾಲಪುರವೆಂಬ ರಾಜ್ಯವಿತ್ತು. ಅಲ್ಲಿ ಏನೇ ಹಂಚಿದರೂ ಸಮನಾಗಿ ಹಂಚಬೇಕು, ಏನೂ ಮಿಗಬಾರದು. ಮಿಕ್ಕರೆ ಸಿಂಹಾಸನಕ್ಕೆ ಅವಮಾನ. ದೊರೆಯ ಹೆಸರು ಸಮದರ್ಶಿವರ್ಮ. ಪಾಪ, ಹೆಸರು ಉಳಿಸಿಕೊಳ್ಳಬೇಡವೇ!

ಆ ವರ್ಷ ಮಿಡತೆಗಳು ಪೈರನ್ನೆಲ್ಲ ಮೇಯ್ದು ಹೋದವು. ಊರಾಚೆಯ ಉಗ್ರಾಣದಲ್ಲಿ ಉಳಿದದ್ದು ಒಂದು ಲಕ್ಷದ ಮೂರು ಮೂಟೆ ಜೋಳ. ಆಸ್ಥಾನದ ಗಣಕ ಸಂಕಪ್ಪನ ಮನೆಯಲ್ಲೇ ದಿನ ಬಿಟ್ಟು ದಿನ ಒಲೆ ಹೊತ್ತುತ್ತಿತ್ತು.

"ಎಂಟು ಸೀಮೆಗೆ ಹಂಚಯ್ಯ," ಅಂದ ದೊರೆ.

"ಮೂರು ಮೂಟೆ ಮಿಗುತ್ತವೆ, ಪ್ರಭು. ಗಂಜಿ ಕಾಯಿಸಿ ಬಡಿಸಿದರಾಯಿತು."

"ಮಿಗುತ್ತವೆ!" ಪ್ರಧಾನಿ ತಥಾಸ್ತುರಾಯ ಕಿವಿ ಮುಚ್ಚಿಕೊಂಡ. "ಮಹಾಪ್ರಭುಗಳ ಸನ್ನಿಧಿಯಲ್ಲಿ ಇಂಥ ಮಾತೇ?"

ಅದು ಅವಿಭಾಜ್ಯ ಸಂಖ್ಯೆ, ಒಂದರಿಂದ ಇಲ್ಲವೇ ಅದರಿಂದಲೇ ಹೊರತು ಇನ್ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು ಸಂಕಪ್ಪ ಬಡಕೊಂಡ. ಯಾರಿಗೆ ಬೇಕು? ಉನ್ನತ ಮಟ್ಟದ ಸಮಿತಿ ರಚನೆಯಾಯಿತು. ಮುನ್ನೂರ ಹದಿನಾರರೊಳಗೆ ಭಾಗವಾಗದ್ದು ಅದರಾಚೆಯೂ ಆಗದು, ಹುಡುಕುವುದೇ ದಂಡವೆಂದು ಸಂಕಪ್ಪ ಹೇಳಿದರೂ, ದಿನಭತ್ಯೆಯಿತ್ತಲ್ಲ, ಆ ಮುಟ್ಠಾಳರು ಐವತ್ತು ಸಾವಿರದವರೆಗೂ ಭಾಗಿಸುತ್ತಾ ಹೋಳಿಗೆ ಬಾರಿಸಿದರು. ಹದಿನೈದು ದಿನದ ಮೇಲೆ ಬಂದ ವರದಿಯಲ್ಲಿ ಇದ್ದದ್ದು ಒಂದೇ ಸಾಲು: "ಸದರಿ ಸಂಖ್ಯೆಯು ಸಹಕರಿಸುತ್ತಿಲ್ಲ." ಸಂಖ್ಯೆಗೆ ಶೋಕಾಸ್ ನೋಟಿಸ್ ಜಾರಿಯಾಯಿತು.

ಅಷ್ಟರಲ್ಲಿ ಸಂಕಪ್ಪ ಮನೆಪಟ್ಟಿ ತರಿಸಿ ಕೂಡಿಸಿದ. ಪ್ರಜೆಗಳ ಮನೆ ಒಂದು ಲಕ್ಷದ ಎರಡು, ಅರಮನೆ ಒಂದು. ಆಹಾ! ಹೆಂಡತಿ ಹೊನ್ನವ್ವನಿಗೆ ಕೂಗಿ ಹೇಳಿದ:

"ಎಸರಿಡೇ, ಹೊನ್ನಿ! ಮನೆಗೊಂದು ಮೂಟೆ, ಸರಿಯಾಗಿ ಕೂತುಬಿಡ್ತು!"

"ಇಷ್ಟು ವರ್ಷಕ್ಕೆ ನಿಮ್ಮ ಲೆಕ್ಕ ಹೊಟ್ಟೆಗೆ ಬಂತಲ್ಲ," ಅಂದಳು ಹೊನ್ನವ್ವ. ಕಣ್ಣು ಒರೆಸಿಕೊಂಡು ಎಸರಿಟ್ಟಳು.

ಆಸ್ಥಾನದಲ್ಲಿ ಲೆಕ್ಕ ಕೇಳಿದ ತಥಾಸ್ತುರಾಯ ಹೌಹಾರಿದ. "ಅರಮನೆಯನ್ನು ತಂದು ಗುಡಿಸಲ ಸಾಲಿಗೆ ನಿಲ್ಲಿಸಿದೆಯೇನೋ!" ಆಮೇಲೆ ಏನೋ ಹೊಳೆದು, ದನಿ ತಗ್ಗಿಸಿದ. "ಗಣಕರೇ, ಒಂದರಿಂದಲೂ ಭಾಗವಾಗುತ್ತದೆ ಎಂದಿದ್ದಿರಲ್ಲ?"

ಜನ್ಮದಲ್ಲಿ ಸಂಕಪ್ಪ ಲೆಕ್ಕದಲ್ಲಿ ಸುಳ್ಳು ಹೇಳಿದವನಲ್ಲ.

"ಆಗುತ್ತದೆ."

"ಶೇಷ?"

"ಸೊನ್ನೆ."

ಇಡೀ ಸಭೆ ಎದ್ದು ನಿಂತು ಸಿಂಹಾಸನದ ಕಡೆ ನೋಡಿತು. "ಪ್ರಜೆಗಳ ಸಮಾನತೆಗಾಗಿ ಈ ಭಾರವನ್ನೂ ನಾವೇ ಹೊರುತ್ತೇವೆ," ಎಂದು ದೊರೆ ಗದ್ಗದಿತನಾದ. ಅಲ್ಲೇ ಅವನಿಗೆ 'ನಿಶ್ಶೇಷ ಚಕ್ರವರ್ತಿ' ಬಿರುದು, ಊರ ತುಂಬ ಫ್ಲೆಕ್ಸು.

ಭಾರ ಹೊರಲು ಮನೆಗೊಬ್ಬರು ಬಂದು, ತಲೆಗೊಂದು ಮೂಟೆಯಂತೆ ಅರಮನೆಗೆ ಸಾಗಿಸಬೇಕೆಂದು ಡಂಗುರ ಹೊಡೆಸಿದರು. ಒಂದು ಲಕ್ಷದ ಎರಡು ಜನ ಹಸಿದ ಹೊಟ್ಟೆಯಲ್ಲೇ ಹೊತ್ತರು. ಸಂಕಪ್ಪನೂ ಹೊತ್ತ.

ಉಗ್ರಾಣದಲ್ಲಿ ಒಂದು ಮೂಟೆ ಮಿಕ್ಕಿತ್ತು. ಮಿಗುತ್ತದೆ ಎಂದು ಮೊದಲು ಬಾಯಿಬಿಟ್ಟವನೇ ಅದನ್ನು ಹೊರಲಿ ಎಂದು ಅಪ್ಪಣೆಯಾಯಿತು. ಸಂಕಪ್ಪ ಎರಡನೇ ಸಲ ಬಗ್ಗಿದ. ಅರಮನೆಯ ದಾರಿ ಅವನ ಮನೆ ಮುಂದೆಯೇ ಹೋಗುತ್ತಿತ್ತು. ಒಳಗೆ ಎಸರು ಕುದಿದು ಕುದಿದು ಬತ್ತಿತ್ತು, ಹೊನ್ನವ್ವ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು.