ಬೀಳುವ ವಿಮಾನದಲ್ಲಿ ಕನ್ಯೆ ನೋಡಿದ ಕಥೆ

ಮೊದಲಿಗೇ ಒಂದು ಅರಿಕೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗ. ಹೀಗಾಗಿ ಬರೆದ ವಾಕ್ಯ ಯಾರಿಗಾದರೂ ತಪ್ಪಾಗಿ ಕಂಡೀತೇ ಎಂದು ಮತ್ತೆ ಮತ್ತೆ ತಿರುಗಿ ನೋಡುವುದು ನನಗೆ ಅಭ್ಯಾಸವಾಗಿದೆ. ಹಾಗೆ ನೋಡಿಯೂ ಉಳಿದುಕೊಂಡ ಕೊರತೆಗಳನ್ನು ಓದುಗರು ಮನ್ನಿಸಬೇಕು. ವಿಷಯವೇ ಸ್ವಲ್ಪ ಮುಜುಗರದ್ದಾದ್ದರಿಂದ ನಿರೂಪಣೆ ಅಲ್ಲಲ್ಲಿ ತೊದಲಲೂಬಹುದು. ವಿಷಯವಿಷ್ಟೆ: ನನ್ನ ತಂಗಿಯನ್ನು ನೋಡಲು ಬಂದ ವರನನ್ನು ನಾನು ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನವೊಂದರಲ್ಲಿ ಕೂರಿಸಿ ಸಮುದ್ರದ ಪಾಲು ಮಾಡಿದೆ.

ವಿಮಾನ ಕಂಪ್ಯೂಟರಿನೊಳಗಿನದು ಎಂಬುದನ್ನು ಕೂಡಲೇ ಸ್ಪಷ್ಟಪಡಿಸುತ್ತೇನೆ. ಸಿದ್ದಾಪುರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿ, ಸಂಜೆಯ ಬಸ್ಸಿನಲ್ಲಿ ನಿಂತುಕೊಂಡೇ ಶಿರಸಿಗೆ ಮರಳಿ, ಕೈಕಾಲು ತೊಳೆದವನೇ ನಾನು ಹಾರಲು ಕೂರುತ್ತೇನೆ. ಆರಿಸಿಕೊಳ್ಳಲು ವೇಗದ ವಿಮಾನಗಳು ಬೇಕಾದಷ್ಟಿವೆ. ನಾನು ಮಾತ್ರ ಸ್ಟುಕಾ ಎಂಬ ಜರ್ಮನ್ ಬಾಂಬರನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಬಾಗಿದ ರೆಕ್ಕೆ, ಒಳಗೆಳೆದುಕೊಳ್ಳಲು ಬಾರದೆ ನೇತಾಡುವ ಚಕ್ರ, ಹೇಗೆ ಓಡಿಸಿದರೂ ಏರದ ವೇಗ. ನೆಟ್ಟಗೆ ಕೆಳಗೆರಗುವಾಗ ಊಳಿಡಲೆಂದೇ ಅದಕ್ಕೊಂದು ಸೈರನ್ ಕಟ್ಟಿದ್ದರು. ಆಕಾಶದಲ್ಲಿ ಎದುರಾಳಿ ಇಲ್ಲದಿದ್ದರೆ ಮಹಾಶೂರ. ಒಂದು ಫೈಟರ್ ವಿಮಾನ ಕಣ್ಣಿಗೆ ಬಿದ್ದರೆ ಅದರ ಕಥೆ ಮುಗಿಯಿತು. ಇಂಥದ್ದರ ಮೇಲೆ ಪ್ರಾಣವಿಟ್ಟುಕೊಂಡವರು ಜಗತ್ತಿನ ತುಂಬ ಇದ್ದೇವೆ. ಅಂತರ್ಜಾಲದ ನಮ್ಮ ಬಳಗದಲ್ಲಿ, ಮಕ್ಕಳ ಶುಲ್ಕ ಕಟ್ಟುವ ವಯಸ್ಸಿನ ಗಂಡಸರು ತಾವು ಹೇಗೆ ಹೊತ್ತಿ ಉರಿದು ಬಿದ್ದೆವೆಂದು ಎದೆಯುಬ್ಬಿಸಿ ಬರೆಯುತ್ತಾರೆ. ಸೈರನ್ನಿನ ಶ್ರುತಿಯ ಬಗ್ಗೆ ಪುಟಗಟ್ಟಲೆ ಚರ್ಚೆಯಾಗಿದೆ. ಅದನ್ನು ಕೇಳಿ ಕೆಳಗೆ ಓಡಿದ ಜನರ ಬಗ್ಗೆ ಒಂದು ಸಾಲೂ ಇಲ್ಲ. ಈ ಮೋಹದ ಗುಟ್ಟು ಸರಳವಾದದ್ದು. ಒಳ್ಳೆಯ ವಿಮಾನದಲ್ಲಿ ಸೋತರೆ ತಪ್ಪು ಹಾರಿಸಿದವನ ತಲೆಗೆ ಬರುತ್ತದೆ. ಸ್ಟುಕಾದಲ್ಲಿ ಸೋತರೆ ಅದು ವಿಮಾನದ ಹಣೆಬರಹ. ತಪ್ಪಾದೀತೆಂದು ಸದಾ ಅಂಜುವ ನನ್ನಂಥವನಿಗೆ ಇದಕ್ಕಿಂತ ಸುರಕ್ಷಿತವಾದ ವಾಹನ ಇನ್ನೊಂದಿಲ್ಲ. ಬನವಾಸಿ ಕಡೆಯಿಂದ ಬಂದು ಇಲ್ಲಿ ಭತ್ತ, ಮೆಕ್ಕೆಜೋಳದ ವ್ಯಾಪಾರ ಹಿಡಿದ ನಮ್ಮ ಅಪ್ಪ ಒಮ್ಮೆ ಹಿಂದೆ ನಿಂತು ನೋಡಿ, "ಬೀಳೂದು ಗೊತ್ತಿದ್ದ ಮ್ಯಾಲೆ ಏರೂದ್ಯಾಕಪಾ?" ಎಂದು ಕೇಳಿದರು. ನಾನು ಅದರ ಐತಿಹಾಸಿಕ ಮಹತ್ವವನ್ನು ವಿವರಿಸತೊಡಗಿದೆ. ವಾಕ್ಯ ಮುಗಿಯುವಷ್ಟರಲ್ಲಿ ಅವರು ಅಂಗಡಿ ಮುಟ್ಟಿದ್ದರು.

ಈ ವಿಮಾನದಲ್ಲಿ ಚಾಲಕನ ಬೆನ್ನಿಗೆ ಬೆನ್ನು ಕೊಟ್ಟು, ಬಾಲದ ಕಡೆಗೆ ಮುಖ ಮಾಡಿ ಕೂರುವ ಬಂದೂಕುಗಾರನೊಬ್ಬನಿರುತ್ತಾನೆ. ಹಿಂದಿನಿಂದ ಬರುವ ಅಪಾಯ ಕಾಣುವುದು ಅವನಿಗೆ ಮಾತ್ರ. ತಂಗಿ ಸುನಂದಾ ತನ್ನ ಲ್ಯಾಪ್‌ಟಾಪನ್ನು ನನ್ನ ಆಟಕ್ಕೆ ಜೋಡಿಸಿಕೊಂಡು ಆ ಜಾಗದಲ್ಲಿ ಕೂರುತ್ತಿದ್ದಳು. ಊರಿನ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅವಳಿಗೆ ಈಗಾಗಲೇ ಎರಡು ಸಂಬಂಧ ತಪ್ಪಿದ್ದವು. ಮೂರನೆಯದನ್ನು ತಂದವನು ನಾನೇ. ವರ ಯಲ್ಲಾಪುರದಲ್ಲಿ ಎಂಜಿನಿಯರ್. ಇದೂ ತಪ್ಪಿದರೆ ಬಳಗದ ಬಾಯಿ ಕಟ್ಟುವುದು ಕಷ್ಟ ಎಂದು ಅವ್ವ ವಾರವಿಡೀ ನಿದ್ದೆಗೆಟ್ಟಿದ್ದಳು.

ಭಾನುವಾರ ವರ ತನ್ನ ಕಾಕಾನೊಂದಿಗೆ ಬಂದ. ಶಿರಾ, ಉಪ್ಪಿಟ್ಟು ಮುಗಿದವು. ಕಾಕಾ ಬಾಯಿ ಒರೆಸಿಕೊಂಡು, "ಈಗಿನ ಕಾಲಾರೀ, ಹುಡುಗ ಹುಡುಗಿ ಒಂದೀಟು ಮಾತಾಡ್ಲಿ" ಎಂದರು. ಇದು ನಮ್ಮವರು ಹೊಸದಾಗಿ ರೂಢಿಸಿಕೊಂಡ ಸುಧಾರಣೆ: ಇಬ್ಬರನ್ನು ಒಂದು ಕೋಣೆಗೆ ಕಳಿಸಿ, ಉಳಿದವರೆಲ್ಲ ಬಾಗಿಲ ಹೊರಗೆ ಕಿವಿ ನಿಮಿರಿಸಿ ಕೂರುವುದು. ನಮ್ಮ ಮನೆಯಲ್ಲಿ ಖಾಲಿ ಇದ್ದದ್ದು ನನ್ನ ಕೋಣೆ. ಅಣ್ಣನಾದವನು ಅಲ್ಲಿರುವುದು ಸಭ್ಯತೆಯೋ ಅಸಭ್ಯತೆಯೋ ತಿಳಿಯದೆ ನಾನು ಹೊಸ್ತಿಲ ಮೇಲೆ ನಿಂತೆ. ಹುಡುಗ ಬಹಳ ಹೊತ್ತು ಗೋಡೆ ನೋಡಿ, "ಊಟ ಆತ್ರಿ?" ಎಂದ. "ಆಗಲೇ ಆತ್ರಿ" ಎಂದಳು ಸುನಂದಾ. ಮತ್ತೆ ಮೌನ. ಆ ಮೌನಕ್ಕೆ ನಾನೇ ಹೊಣೆಗಾರ ಎನಿಸಿ ಕಂಪ್ಯೂಟರ್ ಹಚ್ಚಿದೆ. ಹುಡುಗನ ಮುಖ ಅರಳಿತು. ಅವನೂ ವಿಮಾನ ಹಾರಿಸುವವನೇ! ಅವನನ್ನು ಚಾಲಕನನ್ನಾಗಿಸಿ, ತಂಗಿಯನ್ನು ಹಿಂದಕ್ಕೆ ಕೂರಿಸಿ, ಮದುವೆಯೇ ನಿಶ್ಚಯವಾದವನಂತೆ ಕೈಕಟ್ಟಿ ನಿಂತೆ.

"ರೀ, ಹಿಂದ ಎರಡು ಬಂದಾವ್ರಿ. ಎಡಕ್ಕ ಹೊಳ್ರಿ" ಎಂದಳು ಸುನಂದಾ.

"ಅಂಜಬ್ಯಾಡ್ರಿ, ನಾ ಅದೀನಲ್ಲ."

"ಅಂಜಿಕಿ ಅಲ್ರಿ. ಖರೇನ ಬಂದಾವು."

"ನೀವು ಸುಮ್ಮ ಗುಂಡು ಹಾರಸ್ರಿ. ವಿಮಾನ ನನಗ ಬಿಡ್ರಿ."

ಬಿಟ್ಟಳು. ವಿಮಾನ ಹೊಗೆಯುಗುಳುತ್ತ ನೀರಿಗೆ ಬಿತ್ತು. ಹುಡುಗ ನನ್ನ ಕಡೆ ತಿರುಗಿ, "ಡಬ್ಬಿ ವಿಮಾನ ಬಿಡ್ರಿ ಇದು. ಅದರಾಗ ಹಿಂದ ಕುಂತವ್ರು ಮೊದಲ ಹೇಳಬೇಕಿತ್ತು" ಎಂದ. ಸದ್ದಿಗೆ ಒಳಗೆ ಬಂದ ಕಾಕಾ ಎಲೆಯಡಿಕೆ ಮೆಲ್ಲುತ್ತಲೇ, "ಏ ತಮ್ಮಾ, ಆಕಿ ಹೇಳಿದ್ದು ಹೊರಗ ಕುಂತ ನನಗ ಕೇಳಿಸ್ತಲ್ಲೋ" ಎಂದರು. ನಾನು ವಾತಾವರಣ ತಿಳಿಗೊಳಿಸಲೆಂದು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಅವರು ಹೊರಟ ಮೇಲೆ ಸುನಂದಾ ಅಡುಗೆಮನೆಯಲ್ಲಿ, "ಯವ್ವಾ, ನಾ ಒಲ್ಲೆ" ಎಂದಳು.

"ಆಟದಾಗ ಬಿದ್ದದ್ದಕ್ಕ ಸಂಬಂಧ ಬಿಡತೀಯೇನ?" ಎಂದು ಅಪ್ಪ ಕೇಳಿದರು.

"ಬಿದ್ದದ್ದಕ್ಕಲ್ಲಪ್ಪ. ಬಿದ್ದ ಮ್ಯಾಲೆ ನನ್ನ ಮ್ಯಾಲೆ ಹಾಕಿದ್ರಲ್ಲ, ಅದಕ್ಕ. ಇಂಥಾ ಪೈಲಟ್ ಮನ್ಯಾಗ ಒಬ್ಬ ಅದಾನ, ಸಾಕು. ಜಲ್ಮ ಪೂರಾ ಇನ್ನೊಬ್ಬನ ಹಿಂದ ಕುಂದ್ರಾಕ ನನ್ನ ಕೈಲಿ ಆಗೂದಿಲ್ಲ."

ಪ್ರತಿಭಟಿಸಲು ನಾನು ಬಾಯಿ ತೆರೆದೆ. ಅವಳು ಎಷ್ಟು ಸಲ ಎಡಕ್ಕೆ ಎಂದಾಗ ನಾನು ಬಲಕ್ಕೆ ಹೋಗಿದ್ದೆ, ಬಿದ್ದ ಮೇಲೆ ತಪ್ಪೆಲ್ಲ ಹಿಂದೆ ಕುಳಿತವಳದೆಂದು ಅಂತರ್ಜಾಲದ ಬಳಗಕ್ಕೆ ಹೇಗೆ ಬರೆದಿದ್ದೆ ಎಂಬುದೆಲ್ಲ ಒಮ್ಮೆಗೇ ನೆನಪಾಗಿ, ತೆರೆದ ಬಾಯಿಗೆ ಉಳಿದ ಶಿರಾ ಹಾಕಿಕೊಂಡೆ. ಅಪ್ಪ, "ಆತು ಬಿಡವ್ವಾ" ಎಂದರು.

ಆ ಸಂಬಂಧ ಅಲ್ಲಿಗೇ ನಿಂತಿತು. ಬಳಗದವರು ಒಂದಷ್ಟು ದಿನ ಆಡಿಕೊಂಡರು. ಆಮೇಲೆ ಬಂದ ವರ ಹಾನಗಲ್ಲಿನಲ್ಲಿ ಔಷಧದ ಅಂಗಡಿ ಇಟ್ಟವರು. ಅಪ್ಪನೇ ಮುಂದೆ ನಿಂತು ಅವರನ್ನೂ ವಿಮಾನ ಹತ್ತಿಸಿದರು. ಅವರೂ ಬಿದ್ದರು. ಬಿದ್ದವರು ತಂಗಿಯ ಕಡೆ ತಿರುಗಿ, "ನೀವು ಅಂದಾಗನ ಹೊಳ್ಳಬೇಕಿತ್ರಿ" ಎಂದರು. ಸುನಂದಾ ಈಗ ಹಾನಗಲ್ಲಿನಲ್ಲಿ ಸುಖವಾಗಿದ್ದಾಳೆ. ಚಿಕ್ಕಪ್ಪನ ಮಗಳನ್ನು ನೋಡಲು ಯಾರು ಬಂದರೂ ಮೊದಲು ನಮ್ಮ ಮನೆಗೆ ಕರೆತರುತ್ತಾರೆ. ಅಪ್ಪನೇ ಕಂಪ್ಯೂಟರ್ ಹಚ್ಚುತ್ತಾರೆ. ನನ್ನ ಹಿಂದಿನ ಆಸನ ಖಾಲಿಯಾಗಿದೆ. ನನಗಾಗಿ ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ ಮಾತ್ರ ಅವ್ವ ಬೆಳಿಗ್ಗೆಯೇ ಕಂಪ್ಯೂಟರಿನ ಮೇಲೆ ದಪ್ಪನೆಯ ಕೌದಿ ಹೊದಿಸಿಬಿಡುತ್ತಾಳೆ.