ಪ್ರೊಫೆಸರ್ ಅಪ್ಪಿಯವರ ನೇಮಕಾತಿ

ಕೊಲ್ಲಿ ನಾಡಿನ ಅಲ್ ಐನ್ ಊರಿನ ಖಾಸಗಿ ಕಾಲೇಜೊಂದರ ಪದವಿ ಪರಿಶೀಲನಾ ಸಮಿತಿಯು ೨೦೧೪ರ ಫೆಬ್ರವರಿಯಲ್ಲಿ ಸಭೆ ಸೇರಿ, ಸಾಹಿತ್ಯ ಪ್ರಾಧ್ಯಾಪಕ ಡಾ. ಸೇಸಪ್ಪನವರ ಡಾಕ್ಟರೇಟ್ ವಾಸ್ತವವಾಗಿ ಬೇರೊಬ್ಬರದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತು.

ತಪ್ಪು ಸೇಸಪ್ಪನವರದ್ದೇ. ಕಾಲೇಜಿನ ಜಾಲತಾಣಕ್ಕೆ 'ಶೈಕ್ಷಣಿಕ ಹಿನ್ನೆಲೆ ಮತ್ತು ಸಂಶೋಧನಾಸಕ್ತಿ' ಬರೆದುಕೊಡಿ ಎಂದಾಗ ಉಳಿದ ಪ್ರಾಧ್ಯಾಪಕರೆಲ್ಲ ಯಾರಿಗೂ ಅರ್ಥವಾಗದ ಹಾಗೆ ಬರೆದು ಪಾರಾಗಿದ್ದರು. ಇವರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದರು. ಡಾಕ್ಟರೇಟಿಗಾಗಿ ಕಾರ್ಕಳದ ಬಳಿ ಮೂರು ಮಳೆಗಾಲ ಗದ್ದೆಯ ಬದುವಾದ ಹುಣಿಯ ಮೇಲೆ ನಿಂತು, ಅಪ್ಪಿ ಎಂಬ ಮಹಿಳೆ ನಾಟಿ ಮಾಡುತ್ತಾ ಹೇಳಿದ ತುಳು ಹಾಡುಗಳನ್ನು ಬರೆದುಕೊಂಡೆ, ನನಗೆ ತಿಳಿದದ್ದೆಲ್ಲ ಅವರಿಂದಲೇ ಬಂದದ್ದು ಎಂದರು.

ಸಮಿತಿಯು ಇದನ್ನು ತಪ್ಪೊಪ್ಪಿಗೆಯೆಂದು ದಾಖಲಿಸಿತು. ನಿಯಮ ಹನ್ನೊಂದರ ಪ್ರಕಾರ ಜ್ಞಾನವು ಯಾರಿಂದ ಬಂದಿದೆಯೋ ಹುದ್ದೆಯು ಅವರಿಗೇ ಸಲ್ಲತಕ್ಕದ್ದು. ಅದನ್ನು ಬರೆದುಕೊಂಡವರನ್ನು ಗುಮಾಸ್ತರೆಂದು ಪರಿಗಣಿಸತಕ್ಕದ್ದು. ಗುಮಾಸ್ತರ ಸಂಬಳದಲ್ಲಿ ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳಲು ವೀಸಾ ಸಿಗುತ್ತಿರಲಿಲ್ಲ. ಮಗಳು ದೀಪ್ತಿಯ ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ಸೇಸಪ್ಪನವರು ಕಡತ ಹಿಡಿದುಕೊಂಡು ಕಾಲೇಜಿನ ಕಚೇರಿಗೆ ಓಡಿದರು.

ಕಾಲೇಜಿನ ವೀಸಾ ಕಾಗದಪತ್ರ ನೋಡಿಕೊಳ್ಳುವ ಬಂಟ್ವಾಳದ ಇಲ್ಯಾಸ್ ಕಡತವನ್ನು ಎರಡು ಸಲ ಮಗುಚಿ ನೋಡಿದ.

"ಸತ್ಯ ಬರೀಲಿಕ್ಕೆ ನಿಮಗೆ ಯಾರು ಹೇಳಿದ್ದು ಸರ್? ಇರ್ಲಿ. ಆ ಅಜ್ಜಿಯನ್ನೇ ಪ್ರೊಫೆಸರ್ ಮಾಡುವ. ನಿಮ್ಮನ್ನು ಅವರ ಖಾಯಂ ಬದಲಿ ಅಂತ ಹಾಕುವ. ಖಲಾಸ್."

ಸಮಿತಿಯ ಎದುರಿನಲ್ಲೇ ಎಪ್ಪತ್ತೆಂಟರ ಅಪ್ಪಿಗೆ ಫೋನ್ ಹೋಯಿತು. ಅಲ್ಲಿ ನೆಡಲಿಕ್ಕೆ ಗದ್ದೆ ಉಂಟೇ ಎಂದು ಮುದುಕಿ ವಿಚಾರಿಸಿದಳು. ಬರೀ ಮರಳು ಎಂದರು ಸೇಸಪ್ಪ.

"ಹಾಗಾದ್ರೆ ನೀನೇ ಇರು ಮಗಾ. ಕೆಲಸ ಇಲ್ಲದ ಊರಿಗೆ ಬಂದು ನಾನೇನು ಮಾಡ್ಲಿಕ್ಕುಂಟು?"

ಈ ಉತ್ತರವನ್ನು ಸಮಿತಿಯು ವಿದ್ವತ್ಪೂರ್ಣವೆಂದು ಮೆಚ್ಚಿ, ಪ್ರೊಫೆಸರ್ ಅಪ್ಪಿಯವರಿಗೆ ಅನಿರ್ದಿಷ್ಟ ಕಾಲದ ಸಂಶೋಧನಾ ರಜೆಯನ್ನು ಮಂಜೂರು ಮಾಡಿತು. ಖಾಯಂ ಬದಲಿಗೆ ಹಳೆಯ ಸಂಬಳವೇ ಉಳಿಯಿತು, ಮನೆಯವರ ವೀಸಾವೂ ಉಳಿಯಿತು. ಷರತ್ತು ಒಂದೇ, ದಾಖಲೆಗೂ ತರಗತಿಗೂ ವ್ಯತ್ಯಾಸವಿರಕೂಡದು.

ಮರುದಿನ ಸೇಸಪ್ಪ ತರಗತಿಗೆ ಕಾಲಿಟ್ಟಾಗ ನಲವತ್ತು ವಿದ್ಯಾರ್ಥಿಗಳು ಸುತ್ತೋಲೆಯಂತೆ ಎದ್ದು ನಿಂತು, "ಗುಡ್ ಮಾರ್ನಿಂಗ್, ಅಪ್ಪಿ ಮೇಡಂ" ಎಂದರು. ಒಬ್ಬರೂ ನಗಲಿಲ್ಲ. ಸೇಸಪ್ಪ ಮೀಸೆ ಸವರಿಕೊಂಡು, ಕೂತುಕೊಳ್ಳಿ ಎಂದರು. ಡಾಕ್ಟರೇಟ್ ಸಿಕ್ಕಿ ಹದಿನೆಂಟು ವರ್ಷವಾದ ಮೇಲೆ ಅದು ಸರಿಯಾದ ಹೆಸರಿಗೆ ಸೇರಿತೆಂದು ಅವರಿಗೂ ಅನ್ನಿಸತೊಡಗಿತ್ತು.